ಸೊಂಟದ ಸುತ್ತಳತೆ ಮತ್ತು ಹೃದ್ರೋಗದ ಮುನ್ನಂದಾಜು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದೆ. ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ಹೃದಯಾಘಾತವೆಂಬುದು ಕೂತು ಉಣ್ಣುವವರ ಕಾಯಿಲೆ, ದುಡಿಯುವ ಸಣಕಲು ಮೈಗೆ ಅದು ತಟ್ಟದು ಎಂಬ ನಂಬಿಕೆ ಇಂಥ ಕಡೆ ಸಹಜ. ಆದರೆ ತೂಕ ಕಡಿಮೆ ಇದ್ದ ಮಾತ್ರಕ್ಕೆ ಹೃದಯ ಸುರಕ್ಷಿತವಲ್ಲ. ದೊಡ್ಡಾಸ್ಪತ್ರೆಗೆ ದಾವಣಗೆರೆ, ಬಳ್ಳಾರಿ ಅಥವಾ ಹುಬ್ಬಳ್ಳಿಯ ದಾರಿ ಹಿಡಿಯಬೇಕಾದ ಊರುಗಳಲ್ಲಿ ಯಾರಿಗೆ ಅಪಾಯ ಹೆಚ್ಚೆಂದು ಮೊದಲೇ ತಿಳಿಯುವುದು ಮುಖ್ಯ.

ಐದು ಸಂಗತಿಗಳನ್ನು ಗಮನಿಸಿ: ಸೊಂಟದ ಸುತ್ತಳತೆ ಮಿತಿ ಮೀರಿರುವುದು, ರಕ್ತದ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 150 ಮಿ.ಗ್ರಾಂ ಅಥವಾ ಹೆಚ್ಚು. 'ಒಳ್ಳೆಯ' ಎಚ್‌ಡಿಎಲ್ ಕೊಲೆಸ್ಟರಾಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50 ಮಿ.ಗ್ರಾಂಗಿಂತ ಕಡಿಮೆ, ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿರುವುದು, ಬರಿಹೊಟ್ಟೆಯ ಗ್ಲೂಕೋಸ್ 100 ಮಿ.ಗ್ರಾಂ ಅಥವಾ ಹೆಚ್ಚು. ಯಾವುದಾದರೂ ಮೂರು ಕೂಡಿದರೆ ಅದು ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಚಯಾಪಚಯ ಲಕ್ಷಣಕೂಟ. ಈ ಒಮ್ಮತದ ವ್ಯಾಖ್ಯೆ 2009ರದು. ಇವುಗಳಲ್ಲಿ ಹಲವು ಒಟ್ಟಿಗೇ ಬರುವುದಕ್ಕೆ ಇನ್ಸುಲಿನ್ ಪ್ರತಿರೋಧವೇ ಕಾರಣವೆಂದು ಅಮೆರಿಕದ ಜೆರಾಲ್ಡ್ ರೀವನ್ 1988ರಲ್ಲೇ ವಾದಿಸಿದ್ದರು.

ಹೊಟ್ಟೆಯೊಳಗೆ, ಕರುಳಿನ ಸುತ್ತ ಶೇಖರವಾಗುವ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಹೊರಬರುವ ಕೊಬ್ಬಿನ ಆಮ್ಲಗಳು ನೇರವಾಗಿ ಯಕೃತ್ತನ್ನು ಸೇರುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಆಣತಿಗೂ ಸರಿಯಾಗಿ ಓಗೊಡುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಹೆಚ್ಚಿದಾಗ ಮೂತ್ರಪಿಂಡ ಸೋಡಿಯಮನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದೊತ್ತಡ ಏರಲು ಇದೂ ಒಂದು ಕಾರಣ.

ಈ ಒಳಗೊಬ್ಬನ್ನು ತಕ್ಕಡಿ ತೋರಿಸದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ಅಮೆರಿಕದ 2001ರ ಮಾನದಂಡದಲ್ಲಿ ಸೊಂಟದ ಮಿತಿ ಗಂಡಸರಿಗೆ 102, ಹೆಂಗಸರಿಗೆ 88 ಸೆಂ.ಮೀ. ದಕ್ಷಿಣ ಏಷ್ಯದವರಿಗೆ ಅದು 90 ಮತ್ತು 80.

ಈ ಕಥೆ ಹುಟ್ಟಿಗೂ ಮುಂಚೆ ಆರಂಭವಾಗುವುದುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹಳೆಯ ದಾಖಲೆಗಳ ಜಾಡು ಹಿಡಿದು ಪರೀಕ್ಷಿಸಲಾಯಿತು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುತೂಕ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ಪರಿಧಮನಿ ರೋಗವಿತ್ತು; 3.1 ಕಿಲೋ ಅಥವಾ ಹೆಚ್ಚಿದ್ದವರಲ್ಲಿ ಶೇ. 3. ಬಸುರಿಯರೂ ಗುಳೆ ಹೋಗುವ ಸೀಮೆಯಲ್ಲಿ ಈ ಅಂಕಿಗಳನ್ನು ಎರಡು ಸಲ ಓದಬೇಕು.

ಲಕ್ಷಣಕೂಟವೊಂದರಿಂದಲೇ ಹೃದ್ರೋಗದ ಭವಿಷ್ಯ ಹೇಳಲಾಗದು. ವಯಸ್ಸು, ಬೀಡಿ ಅದರ ಲೆಕ್ಕದಲ್ಲೇ ಇಲ್ಲ. ಮುಂದಿನ ಹತ್ತು ವರ್ಷದ ಅಪಾಯ ಅಂದಾಜಿಸಲು ಬೇರೆ ಕೋಷ್ಟಕಗಳಿವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ತೊಡಗಿದ ಅಧ್ಯಯನ ಇವಕ್ಕೆ ಬುನಾದಿ. ಆ ಊರಿನ ಲೆಕ್ಕ ಎಲ್ಲರಿಗೂ ಹೊಂದದ ಕಾರಣ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ 21 ವಲಯಗಳಿಗೆ ಪ್ರತ್ಯೇಕ ಕೋಷ್ಟಕ ಕೊಟ್ಟಿತು. ಕುದುರೆಮಾಂಸ ಉಣ್ಣುವ ಕಜಕಸ್ತಾನದವನಿಗೆ ಮಧ್ಯ ಏಷ್ಯದ್ದು, ರೊಟ್ಟಿ ಉಣ್ಣುವ ಕೊಟ್ಟೂರಿನವನಿಗೆ ದಕ್ಷಿಣ ಏಷ್ಯದ್ದು. ರಕ್ತಪರೀಕ್ಷೆ ಇಲ್ಲದೆಯೂ ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ದೇಹತೂಕ ಸೂಚ್ಯಂಕಗಳಿಂದ ಅಂದಾಜು ಸಿಗುತ್ತದೆ. ಆದರೆ ಸೊಂಟವಾಗಲಿ ಹುಟ್ಟುತೂಕವಾಗಲಿ ಇದರಲ್ಲಿಲ್ಲ. ನಮ್ಮವರ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ತಪಾಸಣಾ ಪಟ್ಟಿಯಲ್ಲಿ ಸೊಂಟದ ಅಳತೆಗೂ ಅಂಕವಿದೆ. ಅಳೆಯುವಾಗ ಟೇಪು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಇರಬೇಕು, ಉಸಿರು ಸಹಜವಾಗಿ ಬಿಟ್ಟಾಗ ಓದಬೇಕು. ಪ್ಯಾಂಟಿನ ಅಳತೆ ಕೇಳಿ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಹೊಟ್ಟೆ ಬಂದವರ ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ.