ಇನ್ವರ್ಟರ್ ಎಷ್ಟು ಹೊತ್ತು ಬಂದೀತು?

2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ನೆನಪಿದೆಯಲ್ಲ? ಚೆನ್ನೈನ ಬೀದಿಗಳಲ್ಲಿ ದೋಣಿಗಳು ಓಡಾಡಿದವು, ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ.

ಮಾಧವರಂನ ಮನೆಯಾಗಲಿ, ಕಾಸಿಮೇಡಿನ ಮೀನುಗಾರಿಕೆ ದೋಣಿಯಾಗಲಿ, ಇನ್ವರ್ಟರಿನ ಲೆಕ್ಕ ಒಂದೇ. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1800 ವಾಟ್-ಅವರ್. ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಹಾಳಾಗುತ್ತದೆ. ಉಳಿದ 900ರಲ್ಲಿ ಇನ್ವರ್ಟರ್ ತನ್ನ ಪಾಲು ತಿಂದ ಮೇಲೆ ನಿಮಗೆ ಸಿಗುವುದು ಸುಮಾರು 700. ಎರಡು ಫ್ಯಾನು, ನಾಲ್ಕೈದು ದೀಪ ಸೇರಿ 200 ವಾಟ್ ಆದರೆ ಮೂರೂವರೆ ಗಂಟೆ, ಅಷ್ಟೇ. ಒಂದು ಫ್ಯಾನು, ಒಂದು ಎಲ್‌ಇಡಿ ದೀಪವಾದರೆ ರಾತ್ರಿ ಕಳೆಯುತ್ತದೆ. ಮನೆಯಲ್ಲಿ ನೆಬ್ಯುಲೈಸರ್ ಬೇಕಾದ ಹಿರಿಯರಿದ್ದರೆ ಟಿವಿಯ ಮೋಹ ಬಿಡಿ. ಗೀಸರ್, ಇಸ್ತ್ರಿಪೆಟ್ಟಿಗೆಯ ಮಾತೇ ಬೇಡ.

ದೋಣಿಯಲ್ಲಿ ಇನ್ನೊಂದು ಎಚ್ಚರ: ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಇನ್ವರ್ಟರ್ ಜೋಡಿಸಬಾರದು. ಅದು ಬರಿದಾದರೆ ನಡುಗಡಲಲ್ಲಿ ಎಂಜಿನ್ನೇ ಏಳದು.

ಮನೆಯವರು ಮಳೆಗೆ ಮುಂಚೆಯೇ ಬ್ಯಾಟರಿಯನ್ನು ಎತ್ತರದ, ಗಾಳಿಯಾಡುವ ಜಾಗಕ್ಕೆ ಸಾಗಿಸಿ. ನೀರು ಒಳಬರುವ ಮೊದಲು ಮೇನ್ ಜೊತೆಗೆ ಇನ್ವರ್ಟರನ್ನೂ ಆರಿಸಿ. ಊರಿಗೆಲ್ಲ ಕರೆಂಟ್ ಹೋಗಿದ್ದರೂ ನಿಮ್ಮ ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಕಾದು ಕೂತಿರುತ್ತದೆ.