ಹಡಗಿನ ಪಿಜ್ಜಾ, ನಮ್ಮ ಟಾಪಿಂಗ್

ವಿಹಾರ ನೌಕೆಯಲ್ಲಿ ಹೋಗಿ ಬಂದ ಗಿರಾಕಿಗಳಲ್ಲಿ ಅಲ್ಲಿನ ಪಿಜ್ಜಾ ಹೊಗಳುವವರೂ ಉಂಟು, ತೆಗಳುವವರೂ ಉಂಟು. ಓವನ್‌ನಿಂದ ತೆಗೆದೊಡನೆ ತಿಂದವರು ಮೆಚ್ಚುತ್ತಾರೆ. ಬಫೆಯ ದೀಪದಡಿ ಕಾದು ಕುಳಿತದ್ದನ್ನು ತಿಂದವರು ರಬ್ಬರ್ ಎನ್ನುತ್ತಾರೆ.

ನೇಪಲ್ಸ್‌ನ ಕಟ್ಟಿಗೆ ಒಲೆಯಲ್ಲಿ 430 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ. ಪಿಜ್ಜಾ 90 ಸೆಕೆಂಡಿನಲ್ಲಿ ಸಿದ್ಧ. ಹಡಗಿನಲ್ಲಿ ಬೆಂಕಿಯ ಭಯ, ಹಾಗಾಗಿ ಹೆಚ್ಚಾಗಿ ವಿದ್ಯುತ್ ಓವನ್. ನಮ್ಮ ಅನೇಕ ಹೊಟೇಲುಗಳಲ್ಲೂ ಅದೇ. 250–300 ಡಿಗ್ರಿಯಲ್ಲಿ ಹಲವು ನಿಮಿಷ ಬೇಯುವಾಗ ಟೊಮೆಟೊ, ಅಣಬೆ, ಅನಾನಸು ನೀರು ಬಿಟ್ಟು ನಡುಭಾಗ ಮೆತ್ತಗಾಗುತ್ತದೆ. ಅಣಬೆಯನ್ನು ಮೊದಲೇ ಬಾಡಿಸಿ, ಅನಾನಸಿನ ರಸ ಸೋಸಿ, ಕ್ಯಾಪ್ಸಿಕಂ ತೆಳ್ಳಗೆ ಹೆಚ್ಚಿ. ಪನೀರು, ಜೋಳ ರಾಶಿ ಹಾಕಿದರೆ ಗಿರಾಕಿಗೆ ಖುಷಿ ಎಂಬ ಮಾತು ನಮಗಂತೂ ಒಪ್ಪಿಗೆಯಿಲ್ಲ.

ಜೈನ ಗಿರಾಕಿಗೆ ಮೇಲಿನ ಈರುಳ್ಳಿ ಬಿಟ್ಟರಷ್ಟೇ ಸಾಲದು. ಸಾಸಿನಲ್ಲೇ ಬೆಳ್ಳುಳ್ಳಿ ಇರುತ್ತದೆ. ಅವರ ಸಾಸಿಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ.