ಟರ್ಬೊ ಎಂಜಿನ್ನಿನ ಗಾಳಿ ಕೊಳವೆ: ಅಳತೆಯೇ ಜೀವಾಳ

ಸ್ಪರ್ಧೆಗಳಿಗಾಗಿ ಸಿದ್ಧಪಡಿಸುವ ಟರ್ಬೊ ಕಾರುಗಳಿಗೆ ಗಾಳಿ ಒಳಬರುವ ಕೊಳವೆಗಳನ್ನು ಮನೆಯ ಷೆಡ್ಡಿನಲ್ಲಿಯೇ ತಯಾರಿಸುವುದುಂಟು. ಅಲ್ಯೂಮಿನಿಯಂ ಕೊಳವೆ, ಟಿಗ್ ವೆಲ್ಡಿಂಗ್ ಯಂತ್ರ, ಸಿಲಿಕೋನ್ ಹೋಸ್ ಇದ್ದರೆ ಕೆಲಸ ಸುಲಭವೆಂದು ತೋರುತ್ತದೆ. ಆದರೆ ಹಲವು ಎಂಜಿನ್‌ಗಳಲ್ಲಿ ಈ ಕೊಳವೆಯು ಗಾಳಿಯ ದಾರಿಯಾಗಿರುವಂತೆ ಅಳತೆಯ ಸಾಧನವೂ ಆಗಿದೆ.

ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರುವೆಡೆ 70 ಮಿ.ಮೀ. ಒಳವ್ಯಾಸವನ್ನು 77 ಮಿ.ಮೀ.ಗೆ ಹೆಚ್ಚಿಸಿದರೆ ಅಡ್ಡಛೇದದ ವಿಸ್ತೀರ್ಣವು ಶೇ. 21ರಷ್ಟು ಹೆಚ್ಚುತ್ತದೆ. ಹರಿಯುವ ಗಾಳಿ ಅಷ್ಟೇ ಇದ್ದರೂ ಅದರ ವೇಗವು ಸುಮಾರು ಶೇ. 17ರಷ್ಟು ತಗ್ಗುತ್ತದೆ. ಗಾಳಿ ಕಡಿಮೆಯೆಂದು ಸೆನ್ಸರ್ ತಿಳಿಸುವುದರಿಂದ ನಿಯಂತ್ರಣ ಘಟಕವು ಪೆಟ್ರೋಲನ್ನು ಕಡಿತಗೊಳಿಸುತ್ತದೆ. ಇಂಧನ ಸಾಲದೆ ನಾಕಿಂಗ್ ಉಂಟಾಗಿ ಪಿಸ್ಟನ್ನೇ ಹಾಳಾಗಬಹುದು.

ಆದ್ದರಿಂದ ಸೆನ್ಸರ್ ಭಾಗದ ಮೂಲ ಅಳತೆಯನ್ನು ಉಳಿಸಬೇಕು, ಇಲ್ಲವೇ ನಿಯಂತ್ರಣ ಘಟಕವನ್ನು ಹೊಸದಾಗಿ ಹೊಂದಿಸಬೇಕು. ಕೊಳವೆಯ ತುದಿಗಳಿಗೆ ಉಬ್ಬಿದ ಅಂಚು ಇರದಿದ್ದರೆ ಒತ್ತಡಕ್ಕೆ ಹೋಸ್ ಕಳಚಬಹುದು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಬಾರಿ ಸುತ್ತಬಲ್ಲ ಟರ್ಬೊ ಚಕ್ರವನ್ನು ಕೆಡಿಸಲು ಲೋಹದ ಒಂದು ಚೂರು ಸಾಕು. ಒಳಭಾಗವನ್ನು ತೊಳೆದು ಪರೀಕ್ಷಿಸಿದ ನಂತರವೇ ಜೋಡಿಸತಕ್ಕದ್ದು.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡೊಂದಕ್ಕೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಆರ್ಡರ್ ಸ್ವೀಕರಿಸುವ ಮುನ್ನ, ವಾಹನವು ರಸ್ತೆಯ ಬಳಕೆಗೋ ಸ್ಪರ್ಧೆಗೋ ಎಂಬುದನ್ನು ಗ್ರಾಹಕರಿಂದ ಬರಹದಲ್ಲಿ ಪಡೆಯುವುದು ಸಣ್ಣ ಉದ್ಯಮಿಗೆ ಕ್ಷೇಮ.